ಹಿಡಿಯಕ್ಕಿಯ ಮಡಕೆ

ಪುತ್ತೂರು, ೧೭ ಆಗಸ್ಟ್ ೧೯೬೩, ಶನಿವಾರ

ಅಡುಗೆಮನೆಯ ಆ ಹಿಡಿಯಕ್ಕಿ ಮಡಕೆಯ ವಿಚಾರ ಮನಸ್ಸಿನಿಂದ ಹೋಗುತ್ತಿಲ್ಲ. ಹಾಸಿಗೆ ಹಿಡಿದಿರುವ ನನ್ನ ಹೆಂಡತಿ ಸುಕುಮಾರಿಯ ಕಾಲುಗಳಿಗೆ ಬಲ ಬರಲೆಂದು ವರ್ಷವಿಡೀ ದೇವರನ್ನು ಬೇಡಿದೆ. ಫಲ ಕಾಣದೆ ಹೋದ ತಿಂಗಳು ಪ್ರಾರ್ಥನೆಯನ್ನೇ ನಿಲ್ಲಿಸಿದೆ. ಮಡಕೆಗೆ ಅಕ್ಕಿ ಹಾಕುವುದನ್ನೂ ನಿಲ್ಲಿಸಿದ್ದೇನೆಂದೇ ತಿಳಿದಿದ್ದೆ.

ಮನೆಮನೆಯಲ್ಲಿ ದಿನಕ್ಕೊಂದು ಹಿಡಿಯಂತೆ ತೆಗೆದಿಟ್ಟ ಹಿಡಿಯಕ್ಕಿಯನ್ನು ಚರ್ಚಿನ ಸಭೆಗೆ ಒಟ್ಟುಮಾಡಲು ಇಂದು ಮಾರ್ತಾಬಾಯಿ ಬಂದರು. "ಈ ಸಲ ಇಲ್ಲ" ಎಂದೆ. ಆಕೆ ಮಡಕೆಯ ಮುಚ್ಚಳ ತೆಗೆದು, "ಎಂತ ಮಾಸ್ಟ್ರೇ, ತುಂಬಾ ಉಂಟಲ್ಲ! ಕೊಡ್ಲಿಕ್ಕೆ ಮನಸ್ಸಿಲ್ವಾ?" ಎಂದು ನಕ್ಕರು.

ಒಳಗಿನಿಂದ ಸುಕುಮಾರಿ ಕೂಗಿ ಹೇಳಿದಳು: "ಅವರೇ ಹಾಕುದು ಮಾರಾಯ್ತಿ, ಅವರಿಗೇ ಗೊತ್ತಿಲ್ಲ. ಅವರು ಅಡುಗೆ ಮಾಡುವಾಗ ಮಲಗಿದಲ್ಲಿಂದ ದಿನಾ ನೋಡ್ತೇನೆ."

ಅದು ಅಮ್ಮನಿಂದ ನನ್ನ ಕೈಗೆ ಬಂದ ಅಭ್ಯಾಸ. ಕುಚ್ಚಲಕ್ಕಿ ಅಳೆದು, ತೊಳೆಯುವ ಮೊದಲು ದೇವರ ಪಾಲಿನ ಒಂದು ಹಿಡಿಯನ್ನು ಅವಳು ತಪ್ಪದೆ ತೆಗೆದಿಡುತ್ತಿದ್ದಳು. ಎಷ್ಟು ಪ್ರಾರ್ಥಿಸಿದರೂ ಅಪ್ಪ ಜ್ವರದಲ್ಲಿ ತೀರಿಕೊಂಡ ಆ ವಾರವೂ ತೆಗೆದಿಟ್ಟಳು. "ದೇವರು ಕೇಳಲಿಲ್ಲವಲ್ಲಮ್ಮ?" ಎಂದಿದ್ದೆ. "ಕೇಳದಿದ್ರೆ ನಾವು ಕೊಡದೆ ಇರುದಾ ಮಗಾ?" ಎಂದು ಒಲೆ ಊದತೊಡಗಿದಳು. ಒದ್ದೆ ಸೌದೆಯ ಆ ಹೊಗೆ, ಊದುಕೊಳವೆಗೆ ತಾಗುವ ಅವಳ ಬಳೆಯ ಸದ್ದು, ಇಂದು ದಿನವಿಡೀ ನನ್ನೊಡನೆ ಇದ್ದವು.

ಸಂಜೆ ಸುಕುಮಾರಿಯ ಹಾಸಿಗೆಯ ಬಳಿ ಮೊಣಕಾಲೂರಿದೆ. ಅವಳೇ ಪ್ರಾರ್ಥಿಸಿದಳು, ಕಾಲಿನ ಮಾತನ್ನು ಎತ್ತಲೇ ಇಲ್ಲ. ನಾನು ಆಮೆನ್ ಎಂದೆ.

ಮಾರ್ತಾಬಾಯಿ ಮಡಕೆಯನ್ನು ಬರಿದುಮಾಡಿ ಹೋಗಿದ್ದಾರೆ. ಇನ್ನು ಹಾಕುವುದಾದರೆ ತಿಳಿದೇ ಹಾಕಬೇಕು. ನಾಳೆ ಅಕ್ಕಿ ಅಳೆಯುವಾಗ ಕೈ ಒಂದು ಕ್ಷಣ ತಡೆದೀತು. ಆದರೂ ಹಾಕುತ್ತೇನೆ ಎಂದೇ ಅಂದುಕೊಂಡಿದ್ದೇನೆ.