‘ಕಾದಿರಿಸಿದೆ’ ಎಂಬ ಹಲಗೆಗಳು

ಕನಜಾವಾ
ನವೆಂಬರ್ ಹತ್ತು

ಮುದ್ದಿನ ತಂಗಿ ಮಿಚಿಯೊಗೆ,

ಕಾಲು ಹೇಗಿದೆ? ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿದ ಮಾತ್ರಕ್ಕೆ ಮಗನ ಮನೆಯ ಮೆಟ್ಟಿಲು ಹತ್ತಿಳಿಯುವ ಸಾಹಸ ಬೇಡ. ನಗೋಯಾದ ಸಾರು ನಿನ್ನ ನಾಲಿಗೆಗೆ ಒಗ್ಗುವುದಿಲ್ಲ, ಗೊತ್ತು. ಆದರೂ ಸೊಸೆಯೆದುರು ಮುಖ ಸಿಂಡರಿಸಬೇಡ, ಪಾಪ, ಅವಳೂ ಕೈಲಾದಷ್ಟು ಮಾಡುತ್ತಾಳೆ. ನಾನು ಚೆನ್ನಾಗಿದ್ದೇನೆ. ನಮ್ಮ ಊಟದಂಗಡಿ ಚೆನ್ನಾಗಿಲ್ಲ.

ನೀನು ಹೋದ ಮೇಲೆ ಓಣಿಯ ತುಂಬ ವಿದೇಶಿಯರು. ಒಂದು ಬಿಯರ್ ಹಿಡಿದು ಕೂತರೆ ಏಳುವುದೇ ಇಲ್ಲ. ಬಂದವರ ಮುಂದೆ, ಅವರು ಕೇಳದಿದ್ದರೂ, ವಾಡಿಕೆಯಂತೆ ಬೆಲೆ ಹಿಡಿದು ಮೊದಲ ಬಟ್ಟಲು ಇಡುತ್ತೇವಲ್ಲ, ಒಂದು ದಿನ ಅದರಲ್ಲಿ ಬೇಯಿಸಿದ ಮೂಲಂಗಿ ಇಟ್ಟಿದ್ದೆ. ಒಬ್ಬ ಉದ್ದನೆಯವನು ಚೊಕ್ಕವಾಗಿ ತಿಂದು ಮುಗಿಸಿ, ಬಿಲ್ಲಿನಲ್ಲಿ ಅದರ ಬೆಲೆ ಕಂಡವನೇ, ‘ಇದನ್ನು ನಾನು ಕೇಳಿರಲಿಲ್ಲ’ ಎಂದು ಫೋನಿನ ಬಾಯಲ್ಲಿ ನಮ್ಮ ಭಾಷೆಯಲ್ಲೇ ಹೇಳಿಸಿದ! ನನ್ನನ್ನು ಕಳ್ಳಿಯಂತೆ ನೋಡಿದ. ಅಂದಿನಿಂದ ನಾನೂ ಅವರನ್ನೆಲ್ಲ ಹಾಗೇ ನೋಡುತ್ತೇನೆ.

ಪಕ್ಕದ ಚಾಪೆ ಅಂಗಡಿಯ ನೊಮುರಾ ಉಪಾಯ ಹೇಳಿಕೊಟ್ಟ. “ಹಿಸಾನೊ ಅಕ್ಕಾ, ‘ಬರಬೇಡಿ’ ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ? ಖಾಲಿ ಜಾಗದ ಮುಂದೆಲ್ಲ ‘ಕಾದಿರಿಸಿದೆ’ ಅಂತ ಹಲಗೆ ಇಟ್ಬಿಡಿ.” ಇಟ್ಟೆ. ವಿದೇಶಿಯರು ಇಣುಕಿ, ತಲೆಬಾಗಿ ಹೊರಟುಹೋದರು. ಆದರೆ ನಮ್ಮವರೂ ನಾಪತ್ತೆ! ದಿನಾ ಬರುವ ಬಡಗಿ ಇಶಿಗುರೊ ಕೂಡ ಇಲ್ಲ. ಓಣಿಯ ಕೊನೆಯ ಹೊಸ ಅಂಗಡಿಯವನು ಎಳೆದುಕೊಂಡನೇನೋ, ನೊಮುರಾನೇ ಅವರ ಕಿವಿಯಲ್ಲಿ ಏನಾದರೂ ಊದಿದನೇನೋ ಎಂದು ಎಲ್ಲರ ಮೇಲೂ ಅನುಮಾನ. ಅಷ್ಟರಲ್ಲಿ ಕಟ್ಟಡದ ಮಾಲೀಕರ ಮಗ ಕಾಜಿತಾನಿ ಬಾಗಿಲ ಪರದೆ ಸರಿಸಿ, “ವ್ಯಾಪಾರಾನೇ ಇಲ್ವಲ್ಲ ಅಜ್ಜಿ! ಹೊಸ ವರ್ಷಕ್ಕೆ ಮತ್ತೆ ಬಾಡಿಗೆ ಕರಾರು ಯಾಕೆ? ಪ್ರವಾಸಿಗರಿಗೆ ರೂಮು ಮಾಡ್ತೀನಿ” ಎಂದು ಹಲ್ಲು ಕಿರಿದು ಹೋದ.

ನಿನ್ನೆ ಸಂತೆಯಲ್ಲಿ ಇಶಿಗುರೊನ ಹೆಂಡತಿ ಸಿಕ್ಕಿ, “ನಿಮಗೇನಮ್ಮಾ, ದಿನಾ ಭರ್ತಿಯಂತೆ! ನಮ್ಮವರು ಬಾಗಿಲ ತನಕ ಬಂದು, ಹಲಗೆ ನೋಡಿ, ತೊಂದರೆ ಕೊಡೋದು ಬೇಡ ಅಂತ ವಾಪಸ್ ಬರ್ತಾರೆ” ಎಂದಳು. ನೋಡು ನಮ್ಮ ಜನರ ಸಂಕೋಚ! ‘ನನಗೂ ಜಾಗ ಇಲ್ಲವೇ’ ಎಂದು ಒಬ್ಬನಾದರೂ ಕೇಳಬಾರದೇ? ಅವರಿಗಾಗಿಯೇ ಇಟ್ಟ ಹಲಗೆ ಎಂದು ನಾನಾದರೂ ಹೇಳಬಾರದಿತ್ತೇ?

ಹಲಗೆಗಳನ್ನೆಲ್ಲ ತೆಗೆದೆ. ಸಂಜೆ ಇಶಿಗುರೊ ಬಂದ, “ಏನು, ಮಂತ್ರಿಗಳು ಬರಲಿಲ್ವಾ?” ಎಂದು ಚುಚ್ಚಿಯೇ ಕೂತ. ಅವನ ಪಕ್ಕದಲ್ಲೇ ಆ ಉದ್ದನೆಯವನೂ ಬಂದು ಕೂರಬೇಕೇ! ಈ ಸಲ ಬೆಲೆಯನ್ನು ಮೊದಲೇ ಬೆರಳಲ್ಲಿ ತೋರಿಸಿ ಬಟ್ಟಲು ಇಟ್ಟೆ. ಅವನು ಕಣ್ಣು ಕಿರಿದು ಮಾಡಿದ, ನಾನೂ ಮಾಡಿದೆ. ಇಬ್ಬರಿಗೂ ನಂಬಿಕೆ ಬರಲಿಲ್ಲ, ಬಟ್ಟಲು ಮಾತ್ರ ಖಾಲಿಯಾಯಿತು.

ಚಳಿಗೆ ಮೊಣಕಾಲು ಮುಚ್ಚಿಕೋ. ಮಕ್ಕಳಿಗೆಲ್ಲ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಹಿಸಾನೊ

ಮರೆತಿದ್ದೆ: ಕಾಜಿತಾನಿ ಇಂದು ಮತ್ತೆ ಬಂದಿದ್ದ. ಜನರನ್ನು ನೋಡಿಯೂ ನಗುತ್ತಲೇ, “ನಿಮ್ಮ ತಂಗಿ ಇನ್ನು ಈ ಕಡೆ ಬರಲ್ವಂತಲ್ಲ? ಕರಾರು ಇರೋದು ಅವರ ಹೆಸರಲ್ಲಿ ತಾನೇ?” ಎಂದ. ನನಗೇ ಗೊತ್ತಿಲ್ಲದ ಸುದ್ದಿ ಅವನಿಗೆ ಕೊಟ್ಟವರು ಯಾರು, ಮಿಚಿಯೊ? ಅವನೇ ಫೋನ್ ಮಾಡಿದ್ದನೇ, ಇಲ್ಲ ನೀನೇ ಮಾಡಿದೆಯಾ? ನಿನಗೆ ಸಾಕಾಗಿದ್ದರೆ ನನಗೆ ಹೇಳು, ಬೈಯುವುದಿಲ್ಲ. ಅಲ್ಲಿಯತನಕ ಅವನ ಯಾವ ಕಾಗದಕ್ಕೂ ನಿನ್ನ ಸಹಿಯ ಮೊಹರು ಒತ್ತಬೇಡ.