ಸೋಮವಾರ ಅಮ್ಮನ ಪಾಠ

ಖೋನ್ ಕೇನ್
ಆಗಸ್ಟ್ ೧೪, ಗುರುವಾರ

ಪ್ರೀತಿಯ ಅಣ್ಣಾ,

ನಿನ್ನ ಭುಜದ ನೋವು ಹೇಗಿದೆ? ರಯೋಂಗಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ತಪ್ಪಿತೇ? ಮುಲಾಮು ಹಚ್ಚಿಕೊಂಡು ಮಲಗು, ಡಾಕ್ಟರ್ ತಂಗಿಯ ಮಾತನ್ನು ಇಷ್ಟಾದರೂ ಕೇಳು. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅಮ್ಮ ಹೋದಾಗಿನಿಂದ ಅಳು ಮಾತ್ರ ಬಂದಿಲ್ಲ.

"ಕೋಳಿ ಇಟ್ಟ ಹಾಗೆ ಅಮ್ಮನ್ನ ಫ್ರಿಜ್‌ನಲ್ಲಿ ಇಟ್ಕೊಂಡಿದ್ದೀಯಲ್ಲೇ, ಡಾಕ್ಟರಮ್ಮಾ! ಬೆಂಕಿ ಕಾಣ್ದೆ ಅವಳು ಹೇಗೆ ಹೋಗ್ತಾಳೆ?" ಎಂದು ನೀನು ಕೂಗಾಡಿ ಫೋನ್ ಇಟ್ಟೆ. ಅದಕ್ಕೇ ಈ ಕಾಗದ. ನೀನು ಬೇಡವೆಂದರೆ ಆಸ್ಪತ್ರೆಯವರು ಅಮ್ಮನನ್ನು ಹಿಂದಿರುಗಿಸುತ್ತಾರೆ. ಹಿರಿಯ ಮಗ ನೀನು, ನಿನ್ನ ಮಾತೇ ಕೊನೆ. ಆದರೆ "ಸುಮ್ನೆ ಮಲಗೋಕೆ ನಂಗೆ ಬರಲ್ಲ, ಸತ್ತ ಮೇಲೂ ಏನಾದ್ರೂ ಕೆಲಸ ಕೊಡ್ರೋ" ಎಂದು ನಗುತ್ತಾ ದೇಹದಾನಕ್ಕೆ ಒಪ್ಪಿದವಳು ಅವಳೇ.

ನಾವು ಆಪರೇಷನ್ ಕಲಿಯುವ ಲ್ಯಾಬಿನ ಕಥೆ ಕೇಳು. ಇಷ್ಟು ದಿನ ಡಬ್ಬಿಯೊಳಗೆ ಉದ್ದನೆಯ ಕಡ್ಡಿಗಳನ್ನು ತೂರಿಸಿ, ಪರದೆ ನೋಡುತ್ತ ರಬ್ಬರಿಗೆ ಹೊಲಿಗೆ ಹಾಕುತ್ತಿದ್ದೆವು. ಈ ವಾರ ದೇಹ ಕೊಟ್ಟವರ ಮೇಲೆ ಕಲಿಕೆ. ಅವರನ್ನು ಇಲ್ಲಿ ಯಾರೂ ಹೆಣ ಎನ್ನುವುದಿಲ್ಲ, ದೊಡ್ಡ ಗುರುಗಳು ಎನ್ನುತ್ತೇವೆ. ಮೊದಲು ಮಲ್ಲಿಗೆ ಮಾಲೆ ಹಾಕಿ, ಹೆಸರು ಹೇಳಿ, ಅಪ್ಪಣೆ ಕೇಳಬೇಕು. ನನ್ನ ಗುರುಗಳು ಬಸ್ ಓಡಿಸುತ್ತಿದ್ದ ಖಮ್‌ಪನ್ ತಾತ. ಹೊಟ್ಟೆಗೆ ಬೆರಳಗಲದ ತೂತು ಮಾಡಿ, ಕ್ಯಾಮೆರಾ ಇಳಿಸಿ, ಪಿತ್ತಕೋಶ ಬಿಡಿಸುವಾಗ ತಪ್ಪು ನಾಳ ಕತ್ತರಿಸಿಬಿಟ್ಟೆ. ಕಡ್ಡಿ ಕೆಳಗಿಟ್ಟು, ಪದ್ಧತಿಯಂತೆ "ತಪ್ಪಾಯ್ತು ಗುರುಗಳೇ" ಎಂದು ಕೈಮುಗಿದೆ. "ತಪ್ಪೆಲ್ಲ ಇಲ್ಲೇ ಮಾಡ್ಬಿಡು ತಾಯಿ, ಇವರು ಬೈಯಲ್ಲ. ಆಪರೇಷನ್ ಕೋಣೇಲಿ ಮಾಡಿದ್ರೆ ಒಂದು ಮನೆನೇ ಅಳುತ್ತೆ" ಎಂದರು ಪ್ರೊಫೆಸರ್ ಕನೋಕ್. ನನಗೆ ನಾಚಿಕೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೈ ತೊಳೆದು ಅಂಟು ಅಕ್ಕಿಯ ಅನ್ನ, ಸುಟ್ಟ ಮೀನು ತಿಂದು ಬಂದೆ. ತಾತನ ಮಕ್ಕಳು ಬೇಡವೆಂದಿದ್ದರೆ ಆ ನಾಳವನ್ನು ಜೀವ ಇರುವವರಲ್ಲೇ ಕತ್ತರಿಸುತ್ತಿದ್ದೆ ಎಂಬುದಷ್ಟು ಗೊತ್ತು.

ಕಲಿಕೆ ಮುಗಿದ ಮೇಲೆ ಭಿಕ್ಕುಗಳನ್ನು ಕರೆಸಿ ಎಲ್ಲ ಗುರುಗಳನ್ನೂ ಒಟ್ಟಿಗೆ ಚಿತೆಗೆ ಏರಿಸುತ್ತಾರೆ. ಅಮ್ಮನಿಗೆ ಬೆಂಕಿ ತಪ್ಪುವುದಿಲ್ಲ, ತಡವಾಗುತ್ತದೆ ಅಷ್ಟೆ.

ಅತ್ತಿಗೆಗೆ ನಮಸ್ಕಾರ. ಪುಟ್ಟಿಯ ಕೆನ್ನೆಯನ್ನು ನನ್ನ ಪರವಾಗಿ ಮೂಸಿ ಮುದ್ದಿಸು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ತಂಗಿ,
ಪೈಲಿನ್

ಮರೆತಿದ್ದೆ: ೨೫ರ ಸೋಮವಾರ ಅಮ್ಮನ ಸರದಿ, ನಮ್ಮದೇ ಲ್ಯಾಬಿನಲ್ಲಿ. ನನ್ನನ್ನು ಆ ಮೇಜಿಗೆ ಹಾಕಿಲ್ಲ, ಪಕ್ಕದ್ದಕ್ಕೆ ಹಾಕಿದ್ದಾರೆ. ಮಾಲೆ ಹಾಕಲು ಮನೆಯವರು ಬರಬಹುದಂತೆ. ಬೇಡವೆನ್ನುವುದಾದರೂ ಬಂದು ಹೇಳು, ನನ್ನೆದುರು ನಿಂತು ಬೈ. ಒಬ್ಬಳೇ ಇದ್ದರೆ ಅವತ್ತೂ ನನಗೆ ಏನೂ ಅನ್ನಿಸುವುದಿಲ್ಲ ಅಣ್ಣಾ. ನನಗೆ ಅದೇ ಭಯ.