ಕೊಳದ ನೀರು

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಮಗುವಿನ ಭೇದಿ ನಿಂತಿದೆ, ಈಗಷ್ಟೇ ನಿದ್ದೆಹೋಗಿದ್ದಾಳೆ. ನನಗಿನ್ನೂ ನಿದ್ದೆಯಿಲ್ಲ. ಬರುವ ಭಾನುವಾರ ಉಳಿದ ದೇವಸ್ಥಾನಗಳಿಗೂ ಮೊಮ್ಮಗಳನ್ನು ಕರೆದೊಯ್ಯುತ್ತೀರೆಂದು ನಿಮ್ಮ ಮಗ ಹೇಳಿದರು.

ಹೋದ ಸಲ ನಾನು ದರ್ಶನದ ಸಾಲಿನಲ್ಲಿದ್ದಾಗ, ನಾನು ಕುದಿಸಿ ಆರಿಸಿ ತಂದ ನೀರು ಚೆಲ್ಲಿ, ಫ್ಲಾಸ್ಕಿಗೆ ದೇವಸ್ಥಾನದ ಕೊಳದ ನೀರು ತುಂಬಿ ಅದರಲ್ಲೇ ಹಾಲಿನ ಪುಡಿ ಕಲಸಿದಿರಿ. ನಾನು ಸಾಲಿನಿಂದ ಬಂದು ನೋಡಿದರೆ, ಕೊಳದ ಮೆಟ್ಟಿಲಲ್ಲಿ ಒಬ್ಬರು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ಕೊಳೆತ ಹೂಗಳ ನಡುವೆ ಯಾರದೋ ಮಗುವಿನ ಡೈಪರ್ ತೇಲುತ್ತಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ನಾನು ಕೇಳಿದ್ದಕ್ಕೆ, "ದೇವರ ನೀರಮ್ಮ, ಏನೂ ಆಗಲ್ಲ. ನಿಮ್ಮಂಥ ಓದಿದೋರಿಗೆ ಎಲ್ಲದರಲ್ಲೂ ಹುಳಾನೇ ಕಾಣೋದು" ಅಂದಿರಿ. ಎಲ್ಲರೂ ನಕ್ಕರು, ನಿಮ್ಮ ಮಗನೂ ನಕ್ಕರು.

ಆಮೇಲೆ ಬಸ್ಸು ನಿಂತಾಗ ನೀವು ಅಂಗಡಿಯಿಂದ ಸೀಲು ಒಡೆಯದ ಬಾಟಲಿ ತರಿಸಿಕೊಂಡಿರಿ. "ಹೊರಗಿನ ನೀರು ನನಗೆ ಆಗಿಬರಲ್ಲ, ಗಂಟಲು ಕೆರೆಯುತ್ತೆ" ಅಂದಿರಿ. ಕೊಳಕ್ಕಿಂತ ಆ ಬಾಟಲಿಯನ್ನು ನೆನೆದರೆ ನನಗೆ ಹೆಚ್ಚು ಹೇಸಿಗೆಯಾಗುತ್ತದೆ.

ಮಗುವಿನ ಫ್ಲಾಸ್ಕಿನಲ್ಲಿ ಕೊಳದ ನೀರು ಇನ್ನೂ ಉಳಿದಿದೆ. ನಿಮ್ಮ ಮಗನ ಕೈಯಲ್ಲಿ ಕಳಿಸಿದ್ದೇನೆ. ದಯವಿಟ್ಟು ಅವರೆದುರಿಗೇ ಒಂದು ಲೋಟ ಕುಡಿಯಿರಿ, ಭಾನುವಾರದ ಮಾತು ಆಮೇಲೆ ಆಡೋಣ. ಕುಡಿಯಲು ಮನಸ್ಸು ಬಾರದಿದ್ದರೆ ಚೆಲ್ಲಿಬಿಡಿ. ಫ್ಲಾಸ್ಕನ್ನು ಮಾತ್ರ ಕುದಿಯುವ ನೀರಿನಲ್ಲಿ ತೊಳೆದು ವಾಪಸ್ ಕಳಿಸಿ.

ಇಂತಿ,
ನಿಮ್ಮ ಸೊಸೆ